ಫ್ಯಾನಿಗೂ ಹೆಪ್ಪು ಬೇಕು

ಕಳೆದ ವಾರ ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ ಬಸ್ಸೊಂದು ಬ್ರೇಕ್ ಸುಟ್ಟ ವಾಸನೆ ಹೊತ್ತು ಬಂದು ನಿಂತಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ವಾಚ್‌ಮನ್ ಮಾವ ನೆನಪಾದರು...

ಮಾವ ಎಂದರೆ ನೆಂಟರಲ್ಲ, ರಾಂಪುರದಲ್ಲಿ ನಮ್ಮ ಪಕ್ಕದ ಮನೆಯವರು. ಎರಡು ಸಾವಿರದ ಇಸವಿಯ ಆಚೀಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದಾಗ, ಅವರ ಮೀಸೆ ನೋಡಿಯೇ ಕಾವಲಿಗೆ ಇಟ್ಟುಕೊಂಡರಂತೆ. ಊರವರ ಬಾಯಲ್ಲಿ ಆ ಯಂತ್ರಗಳು ಬರೀ ಫ್ಯಾನು.

ಆಷಾಢವೋ ಶ್ರಾವಣವೋ, ಒಂದು ಮಧ್ಯಾಹ್ನ ಊರಲ್ಲಿ ಕರೆಂಟ್ ಇರಲಿಲ್ಲ. ಗುಡ್ಡದಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಟೀ ಅಂಗಡಿಯವನು ಕೆಣಕಿದ: "ಏನ್ ಮಾವ, ನಿನ್ ಫ್ಯಾನು ಯಾರಿಗೆ ಗಾಳಿ ಹಾಕ್ತೈತೆ?"

"ಊರಿನ ಲೈನೇ ಬ್ಯಾರೆ, ಅದರ ಲೈನೇ ಬ್ಯಾರೆ ಕಣಲೇ," ಎಂದರು ಮಾವ. "ಅದು ಹುಟ್ಟಿಸಿದ್ದು ಸೀದಾ ಸಬ್‌ಸ್ಟೇಷನ್‌ಗೆ ಹೋಗ್ತೈತೆ. ಆ ಲೈನ್ ಸತ್ರೆ ಎಷ್ಟೇ ಗಾಳಿ ಇದ್ರೂ ಫ್ಯಾನು ನಿಲ್ತೈತೆ. ಫ್ಯಾನಿಗೇ ಮೊದ್ಲು ಕರೆಂಟ್ ಬೇಕು."

ನಾನು ಆಗಷ್ಟೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. "ಕರೆಂಟ್ ಹುಟ್ಟಿಸೋಕೆ ಕರೆಂಟ್ ಬೇಕಾ ಮಾವ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕೆ.

"ಮೊಸರು ಮಾಡಾಕೆ ಮೊಸರೇ ಬೇಕಲ್ಲೇನ್ಲೇ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಯಾರನ್ನು ನೋಡಿ ಎಂದು ನನಗೆ ಇವತ್ತಿಗೂ ಖಚಿತವಿಲ್ಲ. ಲೈನ್ ಹೋದರೆ ಫ್ಯಾನು ನಿಲ್ಲುತ್ತದೆಂದು ಅವರು, ಗಾಳಿಯಿದ್ದರೆ ನಿಲ್ಲದೆಂದು ನಾನು ಪಣ ಕಟ್ಟಿದೆವು. ಸೋತವನ ಮೀಸೆ ಹೋಗಬೇಕು. ಅವರಿಗೆ ಮೀಸೆ ಹೋದರೆ ನೌಕರಿಯೇ ಹೋದಂತೆ. ನನಗೋ, ಅದೇ ವಾರ ಹೆಣ್ಣು ನೋಡಲು ಹೋಗುವುದಿತ್ತು.

ಮೂರನೇ ದಿನ ರಿಪೇರಿಗೆಂದು ಗುಡ್ಡದ ಲೈನ್ ತೆಗೆಯುವವರಿದ್ದರು. ಅರ್ಧ ಊರು ನಮ್ಮ ಹಿಂದೆ ಗುಡ್ಡ ಹತ್ತಿತು. ಪಂಚೆ ನಿಲ್ಲದಂಥ ಗಾಳಿ. ಲೈನ್ ಹೋದದ್ದೇ ತಡ, ರೆಕ್ಕೆಗಳ ತುದಿಗಳು ಅಡ್ಡಕ್ಕೆ ಹೊರಳಿದವು, ಮೇಲೆಲ್ಲೋ ಬ್ರೇಕ್ ಕಚ್ಚಿತು, ಫ್ಯಾನು ನಿಂತೇ ಬಿಟ್ಟಿತು. ಸುಟ್ಟ ವಾಸನೆ ಬಂತೆಂದು ನನ್ನ ಮೂಗು ಈಗಲೂ ಹಟ ಹಿಡಿಯುತ್ತದೆ. ಅಷ್ಟೆತ್ತರದಿಂದ, ಅಂಥ ಗಾಳಿಯಲ್ಲಿ, ವಾಸನೆ ಕೆಳಗಿಳಿದೀತೇ... ನಂಬಲಾರೆ.

ಮನೆಗೆ ಬಂದು ಪುಸ್ತಕ ತೆರೆದೆ. ಅಂಥ ಜನರೇಟರಿನೊಳಗೆ ಅಯಸ್ಕಾಂತವೇ ಇರುವುದಿಲ್ಲ; ಲೈನಿನಿಂದ ಕರೆಂಟ್ ಎರವಲು ಪಡೆದೇ ಅದು ಅಯಸ್ಕಾಂತವಾಗಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ನಾನು ಪಾಸಾಗಿದ್ದೆ!

ಕ್ಷೌರದಂಗಡಿಯಲ್ಲಿ ಕತ್ತಿ ಇನ್ನೇನು ತುಟಿಗೆ ತಾಗಬೇಕು, ಮಾವ ಬಂದು ತಡೆದರು. "ಬೋಳು ಮೂತಿಗೆ ಯಾರ್ಲೇ ಹೆಣ್ಣು ಕೊಡ್ತಾರೆ? ನಾನು ಕೇಳ್ದಾಗ ಕೊಡುವಂತೆ, ಏಳು."

ಮದುವೆಯಾಯಿತು. ಅವರು ಕೇಳಲೇ ಇಲ್ಲ. ಊರಿಗೆ ಹೋದಾಗಲೆಲ್ಲ ತಮ್ಮ ಮೀಸೆ ತಿರುವಿ ಕಣ್ಣು ಮಿಟುಕಿಸುತ್ತಿದ್ದರು, ಅಷ್ಟೇ.

ಈ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಅವರ ಮಕ್ಕಳ ಸಾಲಿನಲ್ಲಿ ನಾನೂ ಕ್ಷೌರಿಕನ ಮುಂದೆ ಕುಳಿತೆ.

"ನೀವು ಅವರಿಗೆ ಏನಾಗ್ಬೇಕ್ರಿ?" ಎಂದ ಆತ.

"ಸೋತವನು," ಎಂದೆ.

ಈಗ ಮೀಸೆ ಮತ್ತೆ ಬೆಳೆದಿದೆ. ಅದನ್ನು ನೋಡಿ ಕಣ್ಣು ಮಿಟುಕಿಸುವವರಿಲ್ಲ.