ಹಮಾದೆಯವರ ಕತ್ತರಿ ಹಿಡಿತ

ಹಮಾದೆ ಇಸೊಕಿಚಿಗೆ ಊಟದ ಕಡ್ಡಿ, ಅಂದರೆ ಚಾಪ್‌ಸ್ಟಿಕ್, ಹಿಡಿಯಲು ಬರುತ್ತಿರಲಿಲ್ಲ. ಅದರಲ್ಲೇನು, ಎಷ್ಟೋ ಜನಕ್ಕೆ ಬರುವುದಿಲ್ಲ ಎಂದು ಮೂಗು ಮುರಿಯಬೇಡಿ. ವಕಾಸಾ ಕೊಲ್ಲಿಯ ದಂಡೆಯ ಆ ಊರು ಬದುಕುತ್ತಿದ್ದದ್ದೇ ಮೆರುಗೆಣ್ಣೆ ಬಳಿದ ಊಟದ ಕಡ್ಡಿಗಳಿಂದ. ಇಸೊಕಿಚಿ ಮೂವತ್ತೈದು ವರ್ಷಗಳಿಂದ ಸ್ಟೇಷನ್ ರಸ್ತೆಯಲ್ಲಿ ಕೂತು ಅವನ್ನೇ ಮಾರುತ್ತಿದ್ದ. ಮಾರಿಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರುವ ಜಾಯಮಾನ ಅವನದಲ್ಲ.

ಓಸಾಕಾದಿಂದ ಬಂದ ಪಾಪದ ಗಿರಾಕಿ ಒಂದು ಜೊತೆ ಕೈಗೆತ್ತಿಕೊಂಡರೆ ಸಾಕು, ಪಾಠ ಶುರು.

"ಇಡ್ರೀ ಅದನ್ನ ಕೆಳಗೆ! ಬಣ್ಣ ನೋಡಿ ಕಡ್ಡಿ ತಗೋತಾರೇನ್ರೀ? ಹೆಬ್ಬೆರಳು, ತೋರುಬೆರಳು ಅಗಲಿಸಿ. ಈ ತುದಿಯಿಂದ ಆ ತುದಿಗೆ ಎಷ್ಟಾಗುತ್ತೋ ಅದರ ಒಂದೂವರೆ ಪಟ್ಟು ಉದ್ದ ಇರಬೇಕು. ಕೆಳಗಿನ ಕಡ್ಡಿ ಅಲ್ಲಾಡಕೂಡದು, ಮೇಲಿನದಷ್ಟೇ ಆಡಬೇಕು. ಯಾವುದನ್ನ ತಿನ್ನಲಿ ಅಂತ ತಟ್ಟೆ ಮೇಲೆ ಕಡ್ಡಿ ಸುಳಿದಾಡಿಸಿದ್ರೆ ಮನೆಯವರ ಮಾನ ಹೋಯ್ತು ಅಂತ ತಿಳ್ಕೊಳ್ಳಿ."

ಗಿರಾಕಿ ಬೆವರು ಒರೆಸಿಕೊಂಡು ಎರಡು ಜೊತೆ ಹೆಚ್ಚಿಗೇ ಕೊಂಡು ಓಡುತ್ತಿದ್ದ.

ಇಷ್ಟೆಲ್ಲ ಬೊಗಳೆ ಬಿಡುವ ಮಹಾಶಯ ಮನೆಯೊಳಗೆ ಊಟಕ್ಕೆ ಕೂತರೆ ಎರಡು ಕಡ್ಡಿಗಳೂ ಅಡ್ಡಡ್ಡ ಬಿದ್ದು ಕತ್ತರಿಯಾಗುತ್ತಿದ್ದವು. ಚಿಕ್ಕಂದಿನ ಅಭ್ಯಾಸ, ತಿದ್ದುವವರು ಇರಲಿಲ್ಲ, ದೊಡ್ಡವನಾದ ಮೇಲೆ ಯಾರನ್ನಾದರೂ ಕೇಳಲು ನಾಚಿಕೆ. ಹೊರಗಡೆ ಊಟವೆಂದರೆ ಅವನದೊಂದು ಉಪಾಯವಿತ್ತು. ಮದುವೆ ಮನೆಯಲ್ಲಿ, "ಕುಡಿಯೋವಾಗ ನಾನು ತಿನ್ನೋದಿಲ್ಲ" ಎನ್ನುವುದು. ವರ್ತಕರ ಸಂಘದ ಊಟದಲ್ಲಿ ಕೈಯಲ್ಲೇ ತಿನ್ನಬಹುದಾದ ಅನ್ನದುಂಡೆಗೆ ಕೈಹಾಕುವುದು. ಊರವರು ಅವನನ್ನು ಮಹಾ ಶಿಸ್ತಿನ ಮನುಷ್ಯ ಎಂದುಕೊಂಡಿದ್ದರು. ಊರವರಿಗೂ ಬುದ್ಧಿ ಅಷ್ಟಕ್ಕಷ್ಟೇ.

ಒಬ್ಬಳೇ ಮಗಳು ಸನಾಯೆ. ಚಿಕ್ಕವಳಿದ್ದಾಗ ತಂದೆಯ ಎದುರಿಗೆ ಕೂತು ಉಣ್ಣುತ್ತಿದ್ದಳು. ಅಂಗಡಿಯಲ್ಲಿ ಕೂರುತ್ತಿದ್ದ ತಾಯಿ ಶಿಗೆನೊ ಗಂಡ ಉಂಡು ಬಂದ ಮೇಲೆಯೇ ಉಣ್ಣುವವಳು. ಆರು ವರ್ಷದ ಹುಡುಗಿಯ ಕೈಯಲ್ಲಿ ಕಡ್ಡಿ ಅಡ್ಡ ಬಿದ್ದದ್ದು ಕಂಡು ಇಸೊಕಿಚಿ ಅವಳ ಬೆರಳ ಗೆಣ್ಣಿಗೆ ಫಟ್ಟೆಂದು ಬಾರಿಸಿದ್ದ. "ಕಡ್ಡಿ ಅಂಗಡಿಯವನ ಮಗಳು ನೀನು! ಯಾರನ್ನ ನೋಡಿ ಕಲಿತೆ ಇದನ್ನ?" ಮಗು ಅವನ ಕೈಯನ್ನೇ ನೋಡಿತು.

ಅದೇ ಸನಾಯೆಗೆ ಇಪ್ಪತ್ತೇಳಾದಾಗ ಕ್ಯೋಟೋದ ಕುಗಿಮಿಯಾ ಮನೆತನದ ಹುಡುಗ ಯಾಸುಹಿರೊ ಒಪ್ಪಿಗೆಯಾದ. ಹುಡುಗನಿಗೂ ಅವಳು ಒಪ್ಪಿಗೆ. ತೊಡಕೆಲ್ಲ ಹುಡುಗನ ತಾಯಿ ತೊಕಿಕೊಳದು. ಆಕೆ ಹೆಣ್ಣುಮಕ್ಕಳಿಗೆ ಚಹಾ ಕಲೆಯನ್ನೂ ಊಟದ ರೀತಿನೀತಿಯನ್ನೂ ಹೇಳಿಕೊಡುವವಳು. ಎರಡು ತಿಂಗಳ ನಂತರ ಎರಡೂ ಮನೆಯವರು ಒಟ್ಟಿಗೆ ಕೂತು ಉಂಡು ಮಾತು ಗಟ್ಟಿ ಮಾಡಿಕೊಳ್ಳುವುದೆಂದಾಯಿತು.

ಇಸೊಕಿಚಿ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಅವತ್ತು ಹೊಟ್ಟೆ ಕೆಟ್ಟಿದೆ ಅಂತ ಹೇಳಿದ್ರೆ?"

"ಬೀಗರ ಮುಂದೆ ಉಪವಾಸ ಕೂತ್ಕೊಳ್ತೀರಾ?" ಎಂದಳು ಶಿಗೆನೊ. "ಸಂಬಂಧ ಬೇಡ ಅಂದ ಹಾಗೆ ಆಗುತ್ತೆ. ಕಲೀರಿ, ನಾನು ಹೇಳ್ಕೊಡ್ತೀನಿ."

"ನೀನಾ? ನನಗಾ?"

"ಅಲ್ಲದೆ ಮತ್ಯಾರ ಹತ್ರ ಹೋಗ್ತೀರಿ? ನಿಮ್ಮ ಗಿರಾಕಿಗಳ ಹತ್ರಾನಾ?"

ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಹಿಂದಿನ ಕೋಣೆಯಲ್ಲಿ ಪಾಠ. ಸನಾಯೆ ಆ ಹೊತ್ತಿಗೆ ಬ್ಯಾಂಕಿನ ಕೆಲಸದಲ್ಲಿರುತ್ತಿದ್ದಳು. ಮೊದಲ ದಿನವೇ ಶಿಗೆನೊ ಗಂಡನ ಕಡ್ಡಿಯನ್ನು ಕಿತ್ತುಕೊಂಡಳು. ಚಿಪ್ಪಿನ ಚೂರು ಕೂರಿಸಿ, ಚಿನ್ನದ ಪುಡಿ ಉದುರಿಸಿ, ಕನ್ನಡಿಯ ಹಾಗೆ ಉಜ್ಜಿದ ಜೊತೆ ಅದು. ಅಂಗಡಿಯಲ್ಲೇ ದುಬಾರಿಯದು.

"ಕೈ ಅಗಲಿಸಿ. ನೋಡಿ, ಅಳತೆಗಿಂತ ಎರಡು ಬೆರಳು ಉದ್ದ. ಮೂವತ್ತೈದು ವರ್ಷ ಊರಿಗೆಲ್ಲ ಅಳತೆ ಹೇಳಿದ್ರಿ, ನಿಮ್ಮ ಕೈ ಯಾವತ್ತಾದ್ರೂ ಅಳೆದಿದ್ರಾ?"

ಅಳೆದಿರಲಿಲ್ಲ. ಅವಳು ಮೂಲೆಯ ಡಬ್ಬಿಯಿಂದ ಚೆಸ್ಟ್‌ನಟ್ ಮರದ ಒಂದು ಸಾದಾ ಜೊತೆ ತೆಗೆದಳು. ಎಂಟು ಮೂಲೆಯದು, ಹಗುರ, ಹಿಡಿದರೆ ಉರುಳುವುದಿಲ್ಲ. ತುದಿಗೆ ಮೆರುಗಿಲ್ಲದ್ದರಿಂದ ಹಿಡಿದದ್ದು ಜಾರುವುದಿಲ್ಲ. ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಮಾಲು. ಇಸೊಕಿಚಿ ಮುಖ ಸಿಂಡರಿಸಿದ. ಆದರೂ ಕೈಗೆ ಕೂತದ್ದು ಅದೇ.

ಮೊದಲ ವಾರ ಒಂದು ಕಡ್ಡಿ ಮಾತ್ರ ಹಿಡಿದು ಆಡಿಸುವುದು. ಎರಡನೆಯ ವಾರ ಹತ್ತಿಯ ಉಂಡೆ. ಆಮೇಲೆ ನೆನೆಸಿದ ಸೋಯಾ ಕಾಳು, ಒಂದು ಬಟ್ಟಲಿನಿಂದ ಇನ್ನೊಂದಕ್ಕೆ. ಕಾಳುಗಳು ಕೋಣೆಯ ತುಂಬ ಹಾರಿದವು.

"ಬೆರಳೋ, ಒನಕೆಯೋ?" ಎನ್ನುತ್ತಿದ್ದಳು ಶಿಗೆನೊ. "ಉಂಗುರದ ಬೆರಳು ಕೆಳಗಿನ ಕಡ್ಡಿಗೆ ಕೊಡಿ. ಅಯ್ಯೋ, ಕತ್ತು ಹಿಸುಕಬೇಡ್ರೀ ಅದನ್ನ!"

"ಸ್ವಲ್ಪ ಬಾಯಿ ಮುಚ್ಕೋತೀಯಾ?"

"ಮೂವತ್ತು ವರ್ಷ ಮುಚ್ಕೊಂಡೇ ಇದ್ದೆನಲ್ಲ."

ಕೈ ಜೋಮು ಹಿಡಿದು, ಹೆಬ್ಬೆರಳ ಬುಡ ಕೆಂಪಾಗಿ, ಕೊನೆಗೆ ಏಳನೆಯ ವಾರ ಇಸೊಕಿಚಿಯ ಕಡ್ಡಿಗಳು ನೆಟ್ಟಗಾದವು. ಒಂದೂ ಬೀಳದಂತೆ ನೂರು ಕಾಳು ಸಾಗಿಸಿ ಮೈಮರೆತು ಬೀಗಿದ. ತನ್ನ ಮಾನ ಉಳಿಯಿತು ಎಂಬ ಸಂಭ್ರಮ ಅಷ್ಟೆ. ಅದೇ ಎರಡು ತಿಂಗಳು ದಿನಾ ರಾತ್ರಿ ಊಟಕ್ಕೆ ಎದುರು ಕೂರುತ್ತಿದ್ದ ಮಗಳ ಕೈ ಅವನಿಗೆ ಒಮ್ಮೆಯೂ ನೆನಪಾಗಲಿಲ್ಲ ನೋಡಿ. ಇಂಥ ಮನುಷ್ಯನಿಗೆ ಏನನ್ನಬೇಕು!

ಆ ದಿನ ಬಂತು. ಕೊಲ್ಲಿಯ ಕಡೆಗೆ ಕಿಟಕಿಯಿದ್ದ ಊಟದ ಮನೆಯಲ್ಲಿ ಚಾಪೆಯ ಮೇಲೆ ಎಲ್ಲರೂ ಕೂತರು. ತೊಕಿಕೊ ಬೂದು ಬಣ್ಣದ ಕಿಮೊನೊ ಉಟ್ಟು ಬೆನ್ನು ಸೆಟೆದುಕೊಂಡಿದ್ದಳು. ಅಂಗಡಿಯವನಲ್ಲವೇ, ಇಸೊಕಿಚಿ ರೇಷ್ಮೆ ಚೀಲದಿಂದ ತನ್ನ ಸಾದಾ ಜೊತೆಯನ್ನೇ ಹೊರತೆಗೆದ. ಸುಟ್ಟ ಮೀನಿನ ಬೆನ್ನೆಲುಬನ್ನು ತಲೆಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ಬಿಡಿಸಿದ. ಮೆತ್ತಗೆ ನುಣುಚಿಕೊಳ್ಳುವ ಎಳ್ಳಿನ ತೋಫು ಕೂಡ ಜಾರಲಿಲ್ಲ.

"ಹಮಾದೆಯವರೇ, ನಿಮ್ಮ ಕೈ ನೋಡೋದೇ ಚಂದ," ಎಂದಳು ತೊಕಿಕೊ. ಆಮೇಲೆ ಅವಳ ನೋಟ ಮೆಲ್ಲಗೆ ಪಕ್ಕಕ್ಕೆ ಹೊರಳಿ ಸನಾಯೆಯ ಬೆರಳ ಮೇಲೆ ನಿಂತಿತು. ಅಲ್ಲಿ ಕತ್ತರಿ. "ಇಂಥ ತಂದೆ ಮನೇಲೇ ಇದ್ದೂ... ಪಾಪ, ಮಗಳು ಯಾರನ್ನ ನೋಡಿ ಕಲಿತಳೋ."

ಯಾಸುಹಿರೊ ತಲೆ ತಗ್ಗಿಸಿದ. ಸನಾಯೆಯ ಕಿವಿ ಕೆಂಪಾಯಿತು. ಅವಳು ಕಡ್ಡಿಯನ್ನು ಕೆಳಗಿಟ್ಟು, ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡು ತೊಕಿಕೊಗೆ ಹೇಳಿದಳು: "ತಪ್ಪು ನನ್ನದೇ ಅಮ್ಮಾ. ಅಪ್ಪ ಎಷ್ಟೋ ಸಲ ಹೇಳಿಕೊಟ್ರು. ನಾನೇ ಕಲೀಲಿಲ್ಲ."

ಇಸೊಕಿಚಿ ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ಇನ್ನೊಂದು ತುತ್ತು ತಿಂದರೆ ಮುಗಿಯಿತು. ಶಿಗೆನೊ ಅವನ ಕಡೆ ನೋಡಲೇ ಇಲ್ಲ. ಅದು ಅವಳು ಬೈಯುವುದಕ್ಕಿಂತ ಕಷ್ಟವಾಗಿತ್ತು. ಅವನು ಕಡ್ಡಿಗಳನ್ನು ಬೆರಳಲ್ಲಿ ಹೊರಳಿಸಿ ಅಡ್ಡಡ್ಡ ಹಾಕಿದ. ಆ ಕತ್ತರಿಯಲ್ಲೇ ಸಕ್ಕರೆ ಪಾಕದ ಕಪ್ಪು ಕಾಳೊಂದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಐವತ್ತು ವರ್ಷದ ಅಭ್ಯಾಸ. ಕಾಳು ಅಲುಗಲಿಲ್ಲ.

"ನನ್ನ ನೋಡಿ ಕಲಿತಳು," ಎಂದ. "ನೀವು ಹೊಗಳಿದ್ದು ಎರಡು ತಿಂಗಳ ನಾಟಕ. ನನ್ನ ಹಿಡಿತ ಇದು. ಆರು ವರ್ಷದವಳಿಗೆ ನಾನು ಇದಕ್ಕೇ ಹೊಡೆದಿದ್ದೆ."

ತೊಕಿಕೊ ಆ ಕಾಳನ್ನೇ ನೋಡುತ್ತ ಕೂತಳು. ಕೊನೆಗೆ, "ತಿನ್ನಿ ಬೀಗರೇ, ಕೈ ನೋಯುತ್ತೆ," ಎಂದಳು. ಬೀಗರೇ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಆಗಲೇ ಮೊದಲು.

"ನನ್ನ ಎರಡು ಸೇರು ಸೋಯಾ ಕಾಳು ದಂಡವಾಯ್ತು," ಎಂದು ಶಿಗೆನೊ ಗೊಣಗಿದಳು.

ಸನಾಯೆ ಮಡಿಲಿನಿಂದ ಕೈ ತೆಗೆದು ಮತ್ತೆ ಕಡ್ಡಿ ಎತ್ತಿಕೊಂಡಳು. ಅಕ್ಕಪಕ್ಕ ಎರಡು ಕತ್ತರಿಗಳು. ತಂದೆಯೂ ಮಗಳೂ ಬಟ್ಟಲಿನ ಕಾಳು ಖಾಲಿಯಾಗುವವರೆಗೂ ತಿಂದರು.