ಕಸ್ತೂರೆಮ್ಮನ ಬಿಳಿ ದಾಸವಾಳ

ಲಿಂಗಸುಗೂರಿನ ಆ ಬೆಳೆ ಔಷಧದ ಅಂಗಡಿಯವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟು ಅದಕ್ಕಿಂತ ಒಂದು ಕೈ ಹೆಚ್ಚೇ ಇದೆ. ಅದನ್ನು ಹೇಳುವ ಮೊದಲು ನನ್ನ ಅತ್ತೆ ಕಸ್ತೂರೆಮ್ಮನ ಬಗ್ಗೆ ಹೇಳಬೇಕು, ಏಕೆಂದರೆ ಅನ್ಯಾಯವಾದದ್ದು ಅವರಿಗೆ.

ಅತ್ತೆ ಇಪ್ಪತ್ತೆಂಟು ವರ್ಷ ಹಟ್ಟಿ ಚಿನ್ನದ ಗಣಿಯ ಕಂಪನಿ ಮನೆಯಲ್ಲಿ ಬಾಳಿದವರು. ಮಾವ ಬಸವಂತರಾಯರದು ಗಣಿಯಲ್ಲಿ ಪಾಳಿ ಕೆಲಸ. ರಾತ್ರಿ ಪಾಳಿಯ ವಾರ ಬಂತೆಂದರೆ ಅವರು ಹಗಲು ಮಲಗಬೇಕು, ಆ ಎರಡು ಕೋಣೆಯ ಮನೆಯಲ್ಲಿ ಒಂದು ಪಾತ್ರೆ ಸದ್ದಾದರೂ ಅವರಿಗೆ ಎಚ್ಚರ. ಹಾಗಾಗಿ ಅತ್ತೆ ಅಡುಗೆ ಮುಗಿಸಿ, ಬಾಗಿಲು ಎಳೆದುಕೊಂಡು, ಅಂಗಳದ ಬಿಳಿ ದಾಸವಾಳದ ಹತ್ತಿರ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಮಾವ ಏಳುವವರೆಗೆ ಗಿಡ ನೋಡುವುದೇ ಕೆಲಸ. ಯಾವ ಹುಳ ಯಾವಾಗ ಬರುತ್ತದೆ, ಯಾವುದು ಗಿಡ ತಿನ್ನುತ್ತದೆ, ಗಿಡ ತಿನ್ನುವುದನ್ನು ಯಾವುದು ತಿನ್ನುತ್ತದೆ ಎಂಬುದನ್ನೆಲ್ಲ ಅವರು ಕಲಿತದ್ದು ಹೀಗೆ. ಶಾಲೆಯಲ್ಲಿ ಅವರು ಮೂರನೇ ಇಯತ್ತೆ ದಾಟಿದವರಲ್ಲ.

ಮಾವ ನಿವೃತ್ತರಾಗಿ ಮನೆ ಬಿಡುವಾಗ ಅತ್ತೆ ಆ ಗಿಡದ್ದೊಂದು ಟೊಂಗೆ ಕಡಿದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರಿಗೆ ತಂದರು. ಆಮೇಲೆ ಹಟ್ಟಿಯ ಆ ಮನೆಗೆ ಬಂದವರು ಮೋಟಾರ್ ಸೈಕಲ್ ನಿಲ್ಲಿಸಲು ಜಾಗ ಸಾಲದೆಂದು ಹಳೇ ಗಿಡವನ್ನು ಬುಡಸಮೇತ ಕಿತ್ತರಂತೆ. ಮರುವರ್ಷ ಮಾವ ತೀರಿಕೊಂಡರು. ಉಳಿದದ್ದು ನಮ್ಮ ಅಂಗಳದ ಈ ಗಿಡ ಒಂದೇ. ದಿನಾ ಬೆಳಗ್ಗೆ ಅತ್ತೆ ಅದರದೊಂದು ಹೂ ಹರಿದು, ಎಡ ಅಂಗೈಯಲ್ಲಿಟ್ಟುಕೊಂಡ ಇಷ್ಟಲಿಂಗಕ್ಕೆ ಏರಿಸುತ್ತಾರೆ. ಪೂಜೆಯ ಕೊನೆಗೆ ಲಿಂಗದ ಮೇಲೆ ನೀರು ಬಿಟ್ಟು, ಅಂಗೈಗೆ ಇಳಿದ ಆ ನೀರನ್ನು ಕುಡಿಯುತ್ತಾರೆ. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರೆಲ್ಲ ಮಾಡಬೇಕಾದ್ದು ಇದೇ. ನಾನು ಮಾತ್ರ ಹಣೆಗೆ ವಿಭೂತಿ ಎಳೆದು, ಕೊರಳಿನ ಲಿಂಗಕ್ಕೆ ಕೈಮುಗಿದು, ರೊಟ್ಟಿ ಬಡಿಯಲು ಕೂರುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಗಿಡಕ್ಕೆ ಹಿಟ್ಟಿನ ಹುಳ ಹತ್ತಿತು. ಚಿಗುರಿನ ತುದಿ, ಮೊಗ್ಗಿನ ತೊಟ್ಟು, ಎಲ್ಲ ಕಡೆ ಜೋಳದ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ. ಎಲೆ ಮುದುಡಿದವು, ಮೊಗ್ಗು ಉದುರಿದವು. ಹುಳ ಸುರಿಸುವ ಸಿಹಿಗೆ ಇರುವೆಗಳು ಸಾಲುಹಿಡಿದು ಬಂದು ಆ ಹುಳಕ್ಕೇ ಕಾವಲು ನಿಂತವು. ಅತ್ತೆ ತೀರಾ ಕೆಟ್ಟ ಟೊಂಗೆ ಕತ್ತರಿಸಿ ಸುಟ್ಟರು. ಇರುವೆ ಹತ್ತದಂತೆ ಕಾಂಡಕ್ಕೆ ಹರಳೆಣ್ಣೆಯ ಬಟ್ಟೆ ಸುತ್ತಿದರು. ದಿನಾ ಸಾಬೂನಿನ ನೀರಿನಲ್ಲಿ ಅರಿವೆ ಅದ್ದಿ ಒಂದೊಂದೇ ಚಿಗುರು ಒರೆಸಿದರು. ಒಂದು ದಿನ ಇದ್ದಕ್ಕಿದ್ದಂತೆ ಒರೆಸುವುದನ್ನು ನಿಲ್ಲಿಸಿ ನನಗೆ ಹೇಳಿದರು:

"ಇನ್ನ ಕೈ ಹಚ್ಚಬ್ಯಾಡವಾ ಭಾಗ್ಯಾ. ಇವನ್ನ ತಿನ್ನಾವು ಬಂದಾವ. ಹದಿನೈದು ದಿನ ತಡಿ."

ನಾನು ಹೋಗಿ ನೋಡಿದೆ. ನನಗೆ ಕಂಡದ್ದು ಮೊದಲಿನವಕ್ಕಿಂತ ಎರಡು ಪಟ್ಟು ದೊಡ್ಡ, ಮೈತುಂಬ ಬಿಳಿ ಕುಚ್ಚಿನ, ಚುರುಕಾಗಿ ಓಡಾಡುವ ಹುಳಗಳು. ಹುಳ ಬೆಳೆದು ದಪ್ಪಗಾಗಿವೆ, ಮುದುಕಿಗೆ ಕಣ್ಣು ಮಂಜಾಗಿದೆ ಎಂದುಕೊಂಡೆ. ನಾನು ದಢೇಸುಗೂರಿನ ಮಗಳು, ಕಾಲುವೆ ನೀರಿನ ನೆಲ್ಲಿನ ಗದ್ದೆಗಳ ನಡುವೆ ಬೆಳೆದವಳು. ನಮ್ಮಣ್ಣ ಅನಿಲಕುಮಾರ ತನ್ನ ಗದ್ದೆಯಲ್ಲಿ ಹುಳ ಕಾಣದಿದ್ದರೂ ಪಕ್ಕದವನು ಹೊಡೆದ ಎಂದು ತಾನೂ ಔಷಧ ಹೊಡೆಯುವವನು. ಹುಳ ಕಣ್ಣೆದುರಿಗಿದ್ದೂ ಸುಮ್ಮನೆ ಕೂರುವುದು ನನ್ನ ಮಟ್ಟಿಗೆ ಸೋಮಾರಿತನವೇ.

ಅದೇ ವಾರ ಅತ್ತೆ ತಮ್ಮ ತಂಗಿಯ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಮಸ್ಕಿಗೆ ಹೋದರು. ನಾನು ಒಂದು ಚಿಗುರು ಮುರಿದು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಪುಣ್ಯಾತ್ಮ ಕಾಗದ ಬಿಚ್ಚಿಯೂ ನೋಡಲಿಲ್ಲ. ಎಷ್ಟು ಎಕರೆ ಎಂದು ಕೇಳಿದ. ಅಂಗಳದಲ್ಲಿ ಒಂದೇ ದಾಸವಾಳದ ಗಿಡ ಎಂದಾಗ ನಕ್ಕು, ನೆಲ್ಲಿಗೆ ಕೊಡುವ ಔಷಧದಲ್ಲೇ ಸಣ್ಣ ಬಾಟಲಿ ತೆಗೆದಿಟ್ಟ. ಎಲ್ಲದಕ್ಕೂ ಅದೇ ನಡೆಯುತ್ತದಂತೆ. ಆ ಹೂವನ್ನು ಯಾರು ಹರಿಯುತ್ತಾರೆ, ಎಲ್ಲಿ ಇಡುತ್ತಾರೆ, ಒಂದು ಮಾತು ಕೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ವಿಷ ಮಾರುವವನಿಗೆ ಅಷ್ಟಾದರೂ ಬೇಡವೇ? ನಾನೂ ಹೇಳಲಿಲ್ಲ. ಮನೆಗೆ ಬಂದು, ಅದೇ ಸಂಜೆ ಗಿಡ ತೊಯ್ಯುವಂತೆ ಹೊಡೆದೆ.

ಮರುದಿನ ಬುಡದಲ್ಲೆಲ್ಲ ಬಿಳಿ ಹುಳ ಸತ್ತು ಬಿದ್ದಿದ್ದವು. ಅತ್ತೆಗೆ ತೋರಿಸಿ ಶಹಭಾಸ್ ಅನ್ನಿಸಿಕೊಳ್ಳಬೇಕೆಂದು ಗುಡಿಸಿ ಮೂಲೆಯಲ್ಲಿ ಗುಂಪು ಹಾಕಿಟ್ಟೆ. ಸಂಜೆ ಕಡೇ ಬಸ್ಸಿಗೆ ಬಂದ ಅವರು ದಣಿದು, ಊಟ ಮಾಡಿ ಮಲಗಿದರು.

ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವರು ಪೂಜೆಗೆ ಕೂತಾಗಿತ್ತು. ಗಿಡದಲ್ಲಿ ಉದುರದೆ ಅರಳಿದ್ದ ಒಂದೇ ಒಂದು ಹೂ ಲಿಂಗದ ಮೇಲಿತ್ತು. ಆಗಲೇ ನೀರು ಬಿಟ್ಟಿದ್ದರು, ಅಂಗೈ ತುಟಿಯ ಕಡೆಗೆ ಏಳುತ್ತಿತ್ತು. ಅದುವರೆಗೆ ಹೊಳೆಯದಿದ್ದದ್ದು ನನಗೆ ಆಗ ಹೊಳೆಯಿತು. ಅಲ್ಲಿಂದಲೇ ಕೂಗಿದೆ.

"ಅತ್ತಿ, ಕುಡೀಬ್ಯಾಡ್ರಿ. ಮೊನ್ನಿ ಸಂಜಿಕ ಗಿಡಕ್ಕ ಔಷಧ ಹೊಡದೀನಿ."

ಅವರು ನೀರನ್ನು ನೆಲಕ್ಕೆ ಚೆಲ್ಲಿದರು. ಲಿಂಗವನ್ನು ನಾಲ್ಕು ಸಲ ತೊಳೆದು ಕಟ್ಟಿಕೊಂಡರು. ಆಮೇಲೆ ಅಂಗಳದ ಮೂಲೆಗೆ ಹೋಗಿ, ನಾನು ಗುಡಿಸಿಟ್ಟ ಗುಂಪನ್ನು ಕಸಬರಿಗೆ ಕಡ್ಡಿಯಿಂದ ಕೆದರಿ, ಅಕ್ಕಿ ಆರಿಸುವಂತೆ ಬೇರೆ ಮಾಡತೊಡಗಿದರು. ಹಿಟ್ಟಿನ ಹುಳ ಒಂದು ಕಡೆ. ಕುಚ್ಚಿನ ದೊಡ್ಡವು ಇನ್ನೊಂದು ಕಡೆ. ಅವುಗಳ ಪಕ್ಕಕ್ಕೆ ಕಪ್ಪು ಬೆನ್ನಿನ, ಕೆಂಪು ತಲೆಯ, ಗುಲಗಂಜಿ ಹುಳದ ಜಾತಿಯ ಪುಟ್ಟ ಪುಟ್ಟ ಹುಳಗಳು. ಕುಚ್ಚಿನವು ಇವುಗಳದೇ ಮರಿ. ಹಿಟ್ಟಿನ ಹುಳದ ಹಾಗೇ ಕಾಣುತ್ತವೆ, ಹಿಟ್ಟಿನ ಹುಳವನ್ನೇ ತಿನ್ನುತ್ತವೆ. ನಾನು ಕೊಂದದ್ದರಲ್ಲಿ ಅವೇ ಹೆಚ್ಚಿದ್ದವು.

ಅತ್ತೆ ಸಿಟ್ಟಿನಿಂದ ಕಡ್ಡಿ ಬಿಸಾಕಿದರು. "ಹದಿನೈದು ದಿನ ತಡಿ ಅಂದಿದ್ದೆ. ಅಷ್ಟೂ ನಂಬಿಕಿ ಇಲ್ಲೇನು ನನ್ನ ಮ್ಯಾಲ?"

ಬಾಟಲಿ ತೆಗೆದುಕೊಂಡು ಅಂಗಡಿಗೆ ಹೋದೆ. ಲಿಂಗಕ್ಕೆ ಏರಿಸುವ ಹೂವೆಂದು ನಾನೇ ಹೇಳಬೇಕಿತ್ತು ಎಂದು ಅವನ ವಾದ. ಅದು ನಿಜವೇ ಆದ್ದರಿಂದ ನನ್ನ ಸಿಟ್ಟು ಇನ್ನೂ ಏರಿತು. ಗಿರಾಕಿಗಳ ಎದುರಿಗೇ ಬಾಟಲಿಯ ಮೇಲಿನ ಚೀಟಿ ಓದಲು ಹೇಳಿದೆ. ಸಾಸಿವೆಗಿಂತ ಸಣ್ಣ ಅಕ್ಷರ. ಚಾಳೀಸು ಹಾಕಿ, ಬೆಳಕಿಗೆ ಹಿಡಿದು, ಕೊನೆಗೆ ಕೆಳಗಿಟ್ಟ.

"ಓದಾಕ ಬರಲಾರದ್ದನ್ನ ಯಾಕ ಮಾರ್ತೀರಿ?" ಎಂದು ಕೇಳಿದೆ. ಅವನು ಮುಂದಿನ ಗಿರಾಕಿಯ ಕಡೆ ತಿರುಗಿ ಅದೇ ಔಷಧದ ಇನ್ನೊಂದು ಬಾಟಲಿ ಕೊಟ್ಟ.

ಮೂರು ವಾರಕ್ಕೆ ಹಿಟ್ಟಿನ ಹುಳ ವಾಪಸು ಬಂತು. ಸಂದುಗೊಂದಿನಲ್ಲಿದ್ದವು ಸತ್ತಿರಲಿಲ್ಲ, ಈಗ ಅವನ್ನು ತಿನ್ನುವವರೂ ಇರಲಿಲ್ಲ. ಅತ್ತೆ ಮತ್ತೆ ಸಾಬೂನಿನ ನೀರು ಹಿಡಿದರು. ನಾನು ಜೊತೆಗೆ ಕೂತೆ. ಅಲ್ಲಿಂದ ತಿಂಗಳುಗಟ್ಟಲೆ ಅವರ ಪೂಜೆ ಹೂವಿಲ್ಲದೇ ನಡೆಯಿತು. ಅಕ್ಕಪಕ್ಕದವರು ಕೊಟ್ಟ ಹೂ ಮುಟ್ಟಲಿಲ್ಲ. ಯಾರು ಯಾವುದಕ್ಕೆ ಏನು ಹೊಡೆದಿದ್ದಾರೋ ಎನ್ನುತ್ತಿದ್ದರು. ಆ ಅನುಮಾನ ಅವರಿಗೆ ಅಂಟಿಸಿದವಳು ನಾನು.

ಶ್ರಾವಣದಲ್ಲಿ ಒಂದು ಚಿಗುರಿನ ಮೇಲೆ ಕುಚ್ಚಿನ ಮರಿಯೊಂದು ಕಂಡಿತು. ಹೊಸಕಲು ಹೋದ ಬೆರಳು ಹಿಂದಕ್ಕೆ ತೆಗೆದು ಅತ್ತೆಯನ್ನು ಕರೆದೆ. ಅವರು ಎರಡು ಮಣೆ ತಂದರು. ರೊಟ್ಟಿಯ ಹಿಟ್ಟು ಒಳಗೆ ಒಣಗುತ್ತಿದ್ದರೂ ಇಬ್ಬರೂ ಕೂತು ನೋಡಿದೆವು.

ದಸರೆ ಕಳೆದ ಮೇಲೆ ಗಿಡ ತುಂಬ ಹೂವಾಯಿತು. ಒಂದು ಬೆಳಗ್ಗೆ ಅತ್ತೆ ಮೊದಲ ಹೂ ಹರಿದು ನನ್ನ ಕೈಗೆ ಕೊಟ್ಟರು.

"ಇವತ್ತ ನೀ ಪೂಜಿ ಮಾಡ್ಕೊ. ನೀರು ಕುಡಿ. ಆಮ್ಯಾಗ ನಾ ನನ್ನ ಹೂ ಹರೀತೀನಿ."

ಕೊರಳಿನ ಲಿಂಗ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಹೂ ಏರಿಸಿದೆ, ನೀರು ಬಿಟ್ಟೆ. ಆ ಗಿಡಕ್ಕೆ ಐದು ತಿಂಗಳಿಂದ ಏನೂ ಹೊಡೆದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕೈ ಮೇಲೇಳಲು ಒಂದು ಗಳಿಗೆ ಹಿಡಿಯಿತು. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು. ನಾನು ಕುಡಿದು ಮುಗಿಸಿದ ಮೇಲೆಯೇ ಅವರು ಎದ್ದು ಗಿಡದ ಹತ್ತಿರ ಹೋದರು.