ಶಾಹೀನ್ ಮುಟ್ಟಿ ಆರಿಸಿದ ನೆಟ್‌ಬುಕ್

‘ಯಾಕ ನಿಂತೀರಿ ಹೊರಗ? ಒಳಗ ಬರ್ರಿ!’

ಶಹಾಪುರದ ಬಾಡಿಗೆ ಮನೆಯ ಬಾಗಿಲಲ್ಲಿ ಈ ಮಾತು ಕಿವಿಗೆ ಬಿದ್ದಾಗ, ಗದರಿಸಿಕೊಂಡವಳಂತೆ ಅಲ್ಲೇ ನಿಂತುಬಿಟ್ಟೆ. ಮಂಡ್ಯದ ನಮ್ಮ ಕಡೆ ಅಷ್ಟು ಗಟ್ಟಿಯಾಗಿ ಮಾತಾಡಿದರೆ ಜಗಳ ಶುರುವಾಯಿತೆಂದೇ ಅರ್ಥ. ಇಲ್ಲಿ ಅದು ಆದರ. ಮನೆಯೊಡತಿ ಖೈರುನ್ನಿಸಾ ನನ್ನ ಚೀಲವನ್ನು ತಾವೇ ಎತ್ತಿ ಒಳಗಿಟ್ಟರು. ಹಿಂದೆಯೇ ತಣ್ಣನೆಯ ನೀರು ಬಂತು, ಬಿಸಿ ರೊಟ್ಟಿ ಬಂತು. ಅವರನ್ನು ನಾನೂ ‘ಖಾಲಾ’ ಎನ್ನತೊಡಗಿದೆ. ಅವರ ಮನೆಮಾತು ದಖನಿಯಲ್ಲಿ ಹಾಗೆಂದರೆ ಚಿಕ್ಕಮ್ಮ.

ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಒಬ್ಬಳೇ ಬಂದಿದ್ದೆ. ಸಂಜೆಯಾದರೆ ನಮ್ಮೂರ ನಾಲೆಯ ಏರಿ ನೆನಪಾಗುತ್ತಿತ್ತು. ಅಷ್ಟರಲ್ಲಿ ಖಾಲಾರ ಮಗಳು ಶಾಹೀನ್ ಗೋಡೆಯಾಚೆಯಿಂದ ಕೂಗುತ್ತಿದ್ದಳು: ‘ಅಕ್ಕಾರ, ಬರಕೊಳ್ತೀರೇನ್ರಿ?’

ಶಾಹೀನ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬೇರೆಯವರು ಓದಿ ಹೇಳಿದ್ದನ್ನು ಕೇಳಿಯೇ ಬಿ.ಎ. ಮುಗಿಸಿದವಳು. ಕನ್ನಡದಲ್ಲಿ ಕಥೆ ಕಟ್ಟುತ್ತಿದ್ದಳು. ಅವಳು ಹೇಳುವುದು, ನಾನು ಬರೆಯುವುದು. ಒಂದು ಸಂಜೆ ಅರ್ಧಕ್ಕೇ ನಿಲ್ಲಿಸಿದಳು.

‘ಆಮೇಲೆ?’ ಎಂದೆ.

‘ಮುಂದಿಂದು ನಿಮ್ಮ ಎದುರಿಗೆ ಹೇಳಾಕ ನಾಚಿಕಿ ಬರ್ತದ್ರಿ. ನಿಮಗಾದ್ರ ಮನಸಿನಾಗಿಂದು ಯಾರಿಗೂ ಕೇಳಿಸದಂಗ ಬರೀಲಿಕ್ಕ ಬರ್ತದ. ನನಗ?’

ಮೊಬೈಲಿನಲ್ಲಿ ಪ್ರಯತ್ನಿಸಿ ಸೋತಿದ್ದಳು. ಗಾಜಿನ ಮೇಲೆ ಬೆರಳು ಜಾರುತ್ತದೆ, ಗುಂಡಿಗಳು ಬೇಕು ಎಂದಳು. ನಮ್ಮ ಗ್ರಂಥಾಲಯದ ಹಳೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇತ್ತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ವ್ಯವಸ್ಥೆ ಅದು. ಪರದೆಯ ಮೇಲಿನದನ್ನು ಕನ್ನಡದಲ್ಲೇ ಓದಿ ಹೇಳುವ ಸೌಕರ್ಯವೂ ಅದರೊಳಗೆ ಪುಕ್ಕಟೆ. ಹೊಸ ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ಹಳೆಯದೊಂದು ನೆಟ್‌ಬುಕ್, ಅಂದರೆ ತೊಡೆಯ ಮೇಲೆ ಹಗುರಾಗಿ ಕೂರುವ ಪುಟ್ಟ ಲ್ಯಾಪ್‌ಟಾಪ್ ಸಿಕ್ಕರೆ ಸಾಕಿತ್ತು.

ಮೂವರೂ ಬಸ್ಸು ಹತ್ತಿ ಯಾದಗಿರಿಗೆ ಹೋದೆವು. ಸ್ಟೇಷನ್ ಹತ್ತಿರದ ಅಂಗಡಿಯವನು ದೊಡ್ಡದೊಂದು ಥಳಥಳ ಲ್ಯಾಪ್‌ಟಾಪ್ ಮುಂದಿಟ್ಟ. ‘ನೋಡ್ರಿ, ಹೊಸಾದ್ರಂಗ ಅದ!’

‘ಆಕಿ ನೋಡಂಗಿಲ್ಲಪ್ಪ, ಮುಟ್ಟಿ ಹೇಳ್ತಾಳ,’ ಎಂದರು ಖಾಲಾ.

ಶಾಹೀನ್ ಬೆರಳಾಡಿಸಿದಳು. ‘ಗುಂಡಿ ಅಲ್ಲಾಡ್ತಾವ. ಬ್ಯಾಡ.’ ಆಮೇಲೆ ನೆಟ್‌ಬುಕ್‌ಗಳು ಬಂದವು. ನಾನು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಶುರುಮಾಡಿ ಪರೀಕ್ಷಿಸಿದೆ. ಒಂದರಲ್ಲಿ ದನಿ ಒಡೆಯುತ್ತಿತ್ತು. ಮೂಲೆ ಸವೆದ ಇನ್ನೊಂದು ನಿಧಾನವಾಗಿ ಎದ್ದಿತು. ವೈಫೈ ಹಿಡಿಯಿತು, ಮೆಮೊರಿ ಹೆಚ್ಚಿಸಲೂ ಜಾಗವಿತ್ತು. ಗುಂಡಿಗಳು ಗಟ್ಟಿಯಾಗಿದ್ದವು. ಶಾಹೀನಳ ಬೆರಳು ಹಿಡಿದು ಅವಳ ಹೆಸರು ಒತ್ತಿಸಿದೆ. ಯಂತ್ರ ಏರಿಳಿತವಿಲ್ಲದ ದನಿಯಲ್ಲಿ ‘ಶಾಹೀನ್’ ಎಂದಿತು.

ಬೀದಿಗೆಲ್ಲ ಕೇಳುವಂತೆ ಮಾತಾಡುವ ಖಾಲಾ ಪಿಸುಗುಟ್ಟಿದರು: ‘ಇನ್ನೊಮ್ಮಿ ಒತ್ತು, ಬೇಟಾ.’

ಶಾಹೀನ್ ನಗತೊಡಗಿದಳು. ‘ಅಕ್ಕಾರ, ಇದು ನಿಮ್ಮ ಕಡೀದೇ ಇರಬೇಕ್ರಿ. ನಿಮ್ಮಂಗ ಪುಸ್ತಕದ ಮಾತು ಆಡ್ತದ!’

ಅದನ್ನೇ ಕೊಂಡು ತಂದೆವು. ಗುಂಡಿಗಳು ಅವಳ ಬೆರಳಿಗೆ ಒಗ್ಗಲು ಸಾಕಷ್ಟು ಕಾಲ ಹಿಡಿಯಿತು. ಸಿಟ್ಟಾದಳು, ಅತ್ತಳು, ಮತ್ತೆ ಕೂತಳು. ಕೊನೆಗೊಂದು ದಿನ ನಾನು ಹೋದಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರೆಯುತ್ತಿದ್ದಳು. ಹೆಜ್ಜೆಯ ಸದ್ದಿಗೆ ನೆಟ್‌ಬುಕ್ ಮುಚ್ಚಿ, ‘ಈಗ ಬ್ಯಾಡ್ರಿ ಅಕ್ಕಾರ,’ ಎಂದಳು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ? ಆದರೂ ಕೋಣೆಗೆ ಮರಳಿದಾಗ ಕೈಗಳಿಗೆ ಕೆಲಸವಿಲ್ಲದಂತಾಯಿತು.

ದಸರಾ ರಜೆಗೆ ಮಂಡ್ಯಕ್ಕೆ ಬಂದೆ. ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದಾಗ ಇಮೇಲ್ ಬಂತು: ‘ಅಕ್ಕಾರ, ಕಥಿ ಮುಗಿಸೀನಿ. ಯಾರ ಕೈಲಿಂದನೂ ಬರಸಿಲ್ಲ. ಓದೂದು ಮೊದಲ ನೀವ. ಯಾವಾಗ ಬರ್ತೀರಿ?’

ಕಣ್ಣೊರೆಸಿಕೊಳ್ಳುವುದನ್ನು ಅಮ್ಮ ನೋಡಿದಳು. ‘ಯಾರ್ದೇ ಅದು?’

‘ಮನೆಯಿಂದ,’ ಎಂದುಬಿಟ್ಟೆ.

ಅಮ್ಮ ಸೌಟು ಹಿಡಿದೇ ನನ್ನನ್ನು ನೋಡಿದಳು. ‘ಮತ್ತೆ ಇದೇನು, ಛತ್ರವಾ?’

ಸೋಮವಾರ ಬರುತ್ತೇನೆಂದು ಶಾಹೀನ್‌ಗೆ ಬರೆಯುವ ಮೊದಲು, ಎದ್ದು ಹೋಗಿ ಅಮ್ಮನ ಮಗ್ಗುಲಲ್ಲಿ ಕೂತೆ.